ಸಾಹೇಬರು ಕೇಳಿದ ಪದ

ಮಾನ್ವಿಯ ಹೈಸ್ಕೂಲಿನ ಮೌನಪ್ಪ ಮಾಸ್ತರರಿಗೆ ಕಷ್ಟ ಬಂದದ್ದು ‘ಕೋಟ್’ ಎನ್ನುವ ಒಂದು ಇಂಗ್ಲಿಷ್ ಪದದಿಂದ. ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಬೆಳಗಿನ ಮೊದಲ ಪಾಠದಲ್ಲೇ ಕೇಳಿದರು:

“ಇನ್ನೊಬ್ರ ಮಾತು ಅವರ ಹೆಸರು ಹೇಳಿ ಆಡೋದಕ್ಕ ಕೋಟ್ ಮಾಡೋದು ಅಂತೀವಿ. ಆ ಪದ ಹುಟ್ಟಿದ್ದು ಎಲ್ಲಿಂದ್ರಿ, ಮಾಸ್ತರ?”

ಮೌನಪ್ಪ ಕೈಯಲ್ಲಿದ್ದ ಸೀಮೆಸುಣ್ಣದಿಂದ ಹಲಗೆಯ ಮೇಲೆ ಆ ಪದ ಬರೆದು, ತಾವೇ ಅಳಿಸಿದರು.

“ಸಂಜಿ ಸಭಾದಾಗ ಹೇಳ್ರಿ. ಇಲ್ಲಂದ್ರ ಮಸರಕಲ್ಲಿಗೆ ಹೋಗ್ರಿ, ಅಲ್ಲಿ ಒಬ್ಬ ಮಾಸ್ತರ ಬೇಕಾಗ್ಯಾನ.”

ಹೆಂಡತಿ ವೆಂಕಮ್ಮನಿಗೆ ದಿನ ತುಂಬಿತ್ತು. ತಾಯಿಯಿಲ್ಲದ ಅವಳಿಗೆ ಪಕ್ಕದ ಮನೆಯ ಹೀರಾಬಿಯೇ ತಾಯಿ, ಸೂಲಗಿತ್ತಿ ಎಲ್ಲ. ಇಂಥ ಹೊತ್ತಿನಲ್ಲಿ ದೂರದ ದೇವದುರ್ಗದ ಕಡೆಯ ಆ ಊರಿಗೆ ವರ್ಗವೆಂದರೆ!

“ಏನರೆ ಒಂದು ಹೇಳಿ, ಯಾವನರೆ ಸತ್ತ ಲಾರ್ಡ್ ಹೇಳ್ಯಾನ ಅಂದುಬಿಡ್ರಿ,” ಎಂದ ಡ್ರಿಲ್ ಮಾಸ್ತರ ಕನಕಪ್ಪ. “ಸತ್ತವ ಇಲ್ಲ ಅನ್ನಾಕ ಬರ್ತಾನೇನು?”

ಮನೆಗೆ ಓಡಿಬಂದರೆ ಹೀರಾಬಿ ಬೇರೆ ದಾರಿ ತೋರಿಸಿದಳು. “ನಮ್ಮ ಮಾಮೂ ರಾಯಚೂರಾಗ ಒಬ್ಬ ವಕೀಲರ ಹತ್ರ ಕೆಲಸಕ್ಕ ಅದಾನ. ಅವರ ಮನ್ಯಾಗ ದಿಂಬಿನಷ್ಟು ದಪ್ಪ ಡಿಕ್ಷನರಿ ಅದ ಅಂತ. ಹೋಗಿ ಬರ್ರಿ, ಇಕಿನ್ನ ನಾ ನೋಡ್ಕೋತೀನಿ.”

ಕುರಿ ಹಿಂಡು ಕಂಡಲ್ಲೆಲ್ಲ ನಿಲ್ಲುತ್ತ ಬಸ್ಸು ರಾಯಚೂರು ಮುಟ್ಟಿತು. ವಕೀಲರ ಮನೆಯಲ್ಲಿ ಡಿಕ್ಷನರಿಯನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕಿಟ್ಟಿದ್ದರು. ಎಣ್ಣೆಯ ಕಲೆಗಳ ನಡುವೆ ಮಾಸ್ತರರಿಗೆ ಉತ್ತರ ಸಿಕ್ಕಿತು. ಲ್ಯಾಟಿನ್ನಿನಲ್ಲಿ ‘ಎಷ್ಟು’ ಎನ್ನುವ ಪದವೇ ಅದರ ಮೂಲ. ಮೊದಲು ಅದು ಗ್ರಂಥದ ಅಧ್ಯಾಯಗಳಿಗೆ ಅಂಕಿ ಹಾಕುವುದಾಗಿತ್ತು. ಮುಂದೆ ಆ ಅಂಕಿ ತೋರಿಸಿ ‘ಇಂಥಲ್ಲಿ ಹೀಗಿದೆ’ ಎನ್ನುವುದಾಯಿತು. ಕೊನೆಗೆ ಆ ಮಾತನ್ನೇ ಎತ್ತಿ ಹೇಳುವುದಾಯಿತು. ಮರಳಿ ಬರುವಾಗ ಅವರು ಗುಣಗುಣಿಸುತ್ತಿದ್ದುದನ್ನು ಕಂಡು, ಪಕ್ಕದಲ್ಲಿ ಕುಳಿತವರು ದೆವ್ವ ಹಿಡಿದಿದೆಯೆಂದು ಎದ್ದು ಹೋದರು.

ಶಾಲೆಯಲ್ಲಿ ಸಾಹೇಬರು ಮಿರ್ಚಿ ಭಜಿ ತಿನ್ನುತ್ತಿದ್ದರು.

“ಸಿಕ್ತೇನ್ರಿ?”

ಮಾಸ್ತರರು ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಸಿದರು. ಸಾಹೇಬರ ಕೈಯ ಭಜಿ ಬಾಯಿಯ ಹತ್ತಿರವೇ ನಿಂತಿತು.

“ಇನ್ನೊಮ್ಮಿ ಹೇಳ್ರಿ. ಸಾವಕಾಶ.”

ಮಾಸ್ತರರು ಸಾವಕಾಶವಾಗಿ ಹೇಳಿದರು.

ಸಂಜೆ ಸಭೆಯಲ್ಲಿ ಸಾಹೇಬರೇ ಮೊದಲು ಎದ್ದರು. “ಒಂದು ಪದದ ಮ್ಯಾಲ ನಾನು ಭಾಳ ವರ್ಷ ಅಭ್ಯಾಸ ಮಾಡೀನಿ,” ಎಂದು ಶುರುಮಾಡಿ ಲ್ಯಾಟಿನ್ನು, ಅಧ್ಯಾಯ, ಅಂಕಿ ಯಾವುದನ್ನೂ ಬಿಡಲಿಲ್ಲ. ಚಪ್ಪಾಳೆಗೆ ಹಂಚಿನ ಮೇಲಿನ ಪಾರಿವಾಳಗಳು ಹಾರಿದವು.

“ಈಗ ಮೌನಪ್ಪ ಮಾಸ್ತರು ತಮ್ಮ ಉತ್ತರ ಹೇಳ್ತಾರ.”

ಮಾಸ್ತರರು ಎದ್ದರು. ಅದು ನನ್ನದು ಎಂದರೆ ಸಾಹೇಬರ ಮಾನ ಹೋಗುತ್ತದೆ. ಅದರ ಹಿಂದೆಯೇ ತಮ್ಮ ಸಾಮಾನಿನ ಗಾಡಿ ಮಸರಕಲ್ಲಿಗೆ ಹೋಗುತ್ತದೆ.

“ಅವರ ಹೆಸರೇ ಹೇಳ್ರಿ ಮಾರಾಯ್ರ, ಖುಷಿ ಆಗ್ತಾರ,” ಎಂದು ಕನಕಪ್ಪ ಪಿಸುಗುಟ್ಟಿದ.

“ನಮ್ಮ ಸಾಹೇಬರು ಈಗಷ್ಟೇ ಅಪ್ಪಣಿ ಕೊಟ್ಟಂಗ...” ಎಂದು ಮಾಸ್ತರರು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದರು.

ಸಾಹೇಬರು ಮುಗುಳ್ನಕ್ಕರು. “ಛಲೋ ಕೋಟ್ ಮಾಡಿದ್ರಿ. ಆದ್ರ ಇದೆಲ್ಲಾ ನಂದಾತು. ಹಂಗಾರ ನಿಮ್ಮದು ಅಂತ ಉತ್ತರ ಇಲ್ಲ?”

ಬೆಳಗಾಗುವುದರೊಳಗೆ ವರ್ಗದ ಆದೇಶ ಬಂತು. ಬಾಗಿಲಲ್ಲಿ ಕುಳಿತಿದ್ದ ವೆಂಕಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದಳು, “ಅಷ್ಟು ದೊಡ್ಡ ಡಿಕ್ಷನರಿ ಸುಳ್ಳು ಹೇಳ್ತೇನ್ರಿ?”

“ಇಲ್ಲಬೇ, ಖರೇನ ಹೇಳ್ತು,” ಎಂದರು ಮಾಸ್ತರರು, ಹಾಸಿಗೆ ಸುತ್ತುತ್ತ. “ಸಾಹೇಬರ ಬಾಯಿಲೆ ಹೇಳ್ತು.”