ಕರ್ನೆಲ್ಲು, ಕೈಬಿಟ್ಟ ನಂಬರು ಮತ್ತು ಮಂಕಿಯ ದೊಡ್ಡಾಯಿ

ಯಾವುದನ್ನಾದರೂ ಹಿಡಿದುಕೊಳ್ಳುವುದಕ್ಕೆ ಅಂಥ ಬುದ್ಧಿಯೇನೂ ಬೇಡ, ಬಿಡುವುದಕ್ಕೆ ಬೇಕು. ಇದು ವೇದಾಂತವಲ್ಲ, ನನ್ನ ಹೊಟ್ಟೆಪಾಡು. ನೀರಿನಡಿ ಮೀನಿನ ಗುಂಪು ಎಲ್ಲಿದೆ ಎಂದು ತೋರಿಸುವ ಪರದೆ ದೋಣಿಗಳಲ್ಲಿ ಇರುತ್ತದಲ್ಲ, ಅದನ್ನು ತಯಾರಿಸುವ ಸಣ್ಣ ಕಂಪನಿಯೊಂದಕ್ಕೆ ನಾನು ಹಳದೀಪುರದ ಮನೆಯಲ್ಲೇ ಕೂತು ಡ್ರೈವರ್ ಎಂಬ ಪ್ರೋಗ್ರಾಮು ಬರೆಯುತ್ತೇನೆ. ಕರ್ನೆಲ್ ಅಂದರೆ ಆ ಯಂತ್ರದ ಯಜಮಾನ. ಅವನಿಗೂ ಪರದೆಗೂ ನಡುವೆ ಮಾತು ದಾಟಿಸುವುದು ಡ್ರೈವರಿನ ಕೆಲಸ ಎಂದು ನನ್ನ ತಾಯಿಗೆ, ಅಂದರೆ ಆಯಿಗೆ, ಒಮ್ಮೆ ವಿವರಿಸಿದ್ದೆ. ಆಯಿ ಪೂರ್ತಿ ಕೇಳಿ, "ಅಂದ್ರೆ ದಲ್ಲಾಳಿ ಕೆಲ್ಸ" ಅಂದಳು. ಅಂದಿನಿಂದ ವಿವರಿಸುವುದನ್ನು ಬಿಟ್ಟಿದ್ದೇನೆ.

ಈ ದಲ್ಲಾಳಿ ಕೆಲಸದಲ್ಲಿ ಯಜಮಾನನಿಂದ ಆಗಾಗ ಒಂದಿಷ್ಟು ಮೆಮೊರಿ ಪಡೆಯಬೇಕಾಗುತ್ತದೆ. ಅವನು ಜಾಗ ಕೊಟ್ಟು ಅದರ ವಿಳಾಸ ಹೇಳುತ್ತಾನೆ. ಆ ವಿಳಾಸಕ್ಕೆ ಪಾಯಿಂಟರ್ ಎಂದು ಹೆಸರು. ಕೆಲಸ ಮುಗಿದ ಮೇಲೆ ಜಾಗ ಮರಳಿಸಬೇಕು. ಮರಳಿಸದಿದ್ದರೆ ಯಂತ್ರ ನಿಧಾನವಾಗಿ ಉಸಿರುಕಟ್ಟುತ್ತದೆ, ಎರಡು ಸಲ ಮರಳಿಸಿದರೆ ಅಲ್ಲೇ ಮುಗ್ಗರಿಸುತ್ತದೆ. ಆದರೆ ನಿಜವಾಗಿ ಹೆದರಬೇಕಾದದ್ದು ಮರಳಿಸಿದ ಮೇಲೂ ಅದೇ ವಿಳಾಸಕ್ಕೆ ಹೋಗಿಬರುವ ಚಟಕ್ಕೆ. ಬಾಡಿಗೆ ಮನೆ ಖಾಲಿ ಮಾಡಿದವನು ಹಳೆಯ ಬೀಗದ ಕೈ ಇಟ್ಟುಕೊಂಡು ಬಂದು ಮಲಗಿದಂತೆ ಅದು. ಹೊಸ ಸಂಸಾರ ಬಂದು ಇಳಿಯುವವರೆಗೆ ಏನೂ ತೊಂದರೆ ಇಲ್ಲ. ಇಳಿದ ಮೇಲೆ ರಂಪ. ಕರ್ನೆಲ್ಲಿನಲ್ಲಿ ಇಂಥ ರಂಪವಾದರೆ ನಡುಸಮುದ್ರದಲ್ಲಿ ಪರದೆ ಕಪ್ಪಾಗಿ ಕೂರುತ್ತದೆ. ಮರಳಿಸಿದ ಕೂಡಲೇ ನಮ್ಮ ಕೈಯಲ್ಲಿರುವ ವಿಳಾಸವನ್ನು ಅಳಿಸಿಬಿಡಬೇಕು ಎಂದು ಹೊಸ ಹುಡುಗರಿಗೆ ಕಲಿಸುತ್ತಾರೆ. ಒಳ್ಳೆಯದೇ. ಆದರೆ ಅದೇ ವಿಳಾಸ ಇನ್ಯಾರ ಕೈಯಲ್ಲೋ ಇದ್ದರೆ? ಆದ್ದರಿಂದ ಬಿಡುವ ಮೊದಲು ಇದನ್ನು ಇನ್ನೂ ಯಾರು ಬಳಸುತ್ತಿದ್ದಾರೆ ಎಂದು ನೋಡಿಕೊಳ್ಳಬೇಕು. ಈ ಮಾತನ್ನು ನಾನು ಕಿರಿಯರಿಗೆ ಎಷ್ಟು ಹೇಳಿದ್ದೇನೆಂದರೆ, ಅವರು ನನ್ನ ಬೆನ್ನ ಹಿಂದೆ ನನ್ನ ದನಿಯಲ್ಲೇ ಅದನ್ನು ಹೇಳಿ ನಗುತ್ತಾರಂತೆ.

ಇಂಥ ನಾನು ಮನೆಯ ಕಿಟಕಿಯಲ್ಲಿ ಇರುತ್ತಿದ್ದ ಗುಂಡಿ ಒತ್ತುವ ಹಳೆಯ ಮೊಬೈಲಿನ ನಂಬರನ್ನು ಬಿಟ್ಟುಬಿಟ್ಟೆ. ಎಲ್ಲರ ಹತ್ತಿರವೂ ಬೇರೆ ಫೋನಿದೆ, ಆಯಿಗೂ ಹೊಸದು ಬಂದಿದೆ, ಇದೊಂದು ಯಾಕೆ ಎಂಬ ಲೆಕ್ಕ. ಆಯಿಯ ಹೊಸ ನಂಬರನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿ, ಎಲ್ಲರಿಗೂ ತಿಳಿಸಿದೆನೆಂದು ಸಮಾಧಾನಪಟ್ಟುಕೊಂಡೆ.

ಅದಾದ ಮೇಲೆ ಆಯಿ ಮಂಕಾದಳು. ಮಂಕಿ ಎಂಬ ಊರಿನಲ್ಲಿರುವ ಅವಳ ಅಕ್ಕ, ನನ್ನ ದೊಡ್ಡಾಯಿ, ದಿನಾ ಸಂಜೆ ಫೋನ್ ಮಾಡುವುದು ರೂಢಿ. ಅಕ್ಕ ಮಾಡಬೇಕು, ತಂಗಿ ಎತ್ತಬೇಕು, ಅದನ್ನು ತಿರುಗಿಸುವಂತಿಲ್ಲ. ಆ ಫೋನು ನಿಂತುಹೋಯಿತು. ನೀನೇ ಮಾಡು ಎಂದರೆ, "ನಾನೆಂತಕ್ಕೆ ಮಾಡೂದು? ಉಪ್ಪಿನಕಾಯಿಗೆ ಉಪ್ಪು ಕಮ್ಮಿ ಅಂದ್ಲು, ನಿನ್ನ ನಾಲಿಗೆ ಸರಿಯಿಲ್ಲ ಅಂದೆ. ಅಷ್ಟಕ್ಕೇ ಬಿಟ್ಲು ಅಂದ್ರೆ ಬಿಡ್ಲಿ" ಎನ್ನುತ್ತಿದ್ದಳು. ಹಾಗೆಂದವಳು ಸಂಜೆಯಾದರೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂರುತ್ತಿದ್ದಳು. ಊಟವೂ ಕಡಿಮೆಯಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ವಯಸ್ಸಾದ ಅಕ್ಕತಂಗಿಯರ ಮುನಿಸು ಒಮ್ಮೆ ಗಟ್ಟಿಯಾದರೆ ಅದನ್ನು ಕರಗಿಸುವಷ್ಟು ಕಾಲ ಇಬ್ಬರ ಬಳಿಯೂ ಇರುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗ್ಯಾಸಿನವನು ಸಿಲಿಂಡರ್ ಇಳಿಸಿ ಕೋಡ್ ಕೇಳಿದ. ಕೋಡು ಹೋಗಿದ್ದು ಹಳೆಯ ನಂಬರಿಗೆ. ಅಲ್ಲಿಗೇ ಫೋನ್ ಮಾಡಿದೆ. ಎತ್ತಿದವರು ಭಟ್ಕಳದ ಒಬ್ಬ ಹೆಂಗಸು. ಸಂಕೋಚದಿಂದ ವಿಷಯ ಹೇಳಿದೆ.

"ಹಳದೀಪುರದ ಗ್ಯಾಸಾ? ಹಾಗಾದ್ರೆ ನೀವು ಶಾರದಕ್ಕನ ಮಗ!" ಎಂದರು ಅವರು. "ಕೋಡ್ ಕೊಡ್ತೇನೆ. ಮೊದ್ಲು ಹೇಳಿ, ನಿಮ್ಮ ತಾಯಿಗೆ ಮಂಕಿಯವರ ಮೇಲೆ ಎಂತ ಸಿಟ್ಟು? ಪಾಪ, ತಂಗಿ ಸಿಟ್ಟಲ್ಲಿ ನಂಬರೇ ಬಿಟ್ಲು ಅಂತ ಅವರು ಅಳ್ತಾರೆ."

ಅವರ ಹೆಸರು ಫರೀದಾ. ದೊಡ್ಡಾಯಿಗೆ ಕಣ್ಣು ಮಂಜು, ವಾಟ್ಸಾಪ್ ಇಲ್ಲ, ಬೆರಳಿಗೆ ಗೊತ್ತಿರುವುದು ಅದೊಂದೇ ನಂಬರು. ಮೊದಲ ದಿನ ಫರೀದಾ ರಾಂಗ್ ನಂಬರ್ ಎಂದಾಗ, ತಂಗಿಯೇ ಯಾರನ್ನೋ ಕೂರಿಸಿ ಹಾಗೆ ಹೇಳಿಸುತ್ತಿದ್ದಾಳೆ ಎಂದು ತಿಳಿದು ದೊಡ್ಡಾಯಿ ಜಗಳಕ್ಕೇ ಬಿದ್ದಳಂತೆ. ಕೊನೆಗೆ ಈ ಹೆಂಗಸಿಗೆ ಅರ್ಥವಾಗದಿರಲಿ ಎಂದು ಕೊಂಕಣಿಯಲ್ಲಿ ಗೊಣಗಿದ್ದಾಳೆ. "ನಮ್ಮ ಮನೆಮಾತು ನವಾಯತಿ ಅದಕ್ಕೆ ಹತ್ತಿರ ಅಲ್ವಾ? ಬೈಗುಳ ಪೂರ್ತಿ ತಿಳೀತು. ನಗು ಬಂತು. ನಾನೂ ನವಾಯತಿಯಲ್ಲೇ ಉತ್ತರ ಕೊಟ್ಟೆ. ಅಲ್ಲಿಂದ ದಿನಾ ಮಾತು. ನಿಮಗೆ ಮೂಲವ್ಯಾಧಿ ಅಂತಲ್ಲ, ಈಗ ಹೇಗುಂಟು?"

ಗ್ಯಾಸಿನವನು ಎದುರಿಗೇ ನಿಂತಿದ್ದ. ಗುಣವಾಗಿದೆ ಎಂದು ಹೇಳಿ ಕೋಡ್ ಬರೆದುಕೊಂಡೆ.

ವಿಷಯ ಕೇಳಿದ ಆಯಿ ಸೀರೆ ಬದಲಿಸಿ ಬಂದು, ಮಂಕಿ ಬಸ್ಸಿಗೆ ಹೊರಡು ಎಂದಳು. ಅಲ್ಲಿ ಅಕ್ಕತಂಗಿಯರು ಮೊದಲು ಅತ್ತರು, ಆಮೇಲೆ ಉಪ್ಪಿನಕಾಯಿಯ ಜಗಳವನ್ನು ನಿಂತಲ್ಲಿಂದಲೇ ಮುಂದುವರಿಸಿದರು. ನನಗೂ ಕಣ್ಣು ಒದ್ದೆಯಾಯಿತು. ನಾನು ಬಿಟ್ಟದ್ದು ಹತ್ತು ಅಂಕಿಗಳನ್ನು ಎಂದುಕೊಂಡಿದ್ದೆ. ಅದರ ಇನ್ನೊಂದು ತುದಿಯನ್ನು ಒಬ್ಬಳು ಅಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಒಂದೇ ಗುಂಡಿ ಒತ್ತಿದರೆ ಆಯಿಗೆ ಹೋಗುವಂತೆ ದೊಡ್ಡಾಯಿಯ ಫೋನನ್ನು ಸರಿಮಾಡಿ, "ಇನ್ನು ಆ ಹಳೇ ನಂಬರನ್ನು ಮರೆತುಬಿಡು" ಎಂದೆ.

"ಎಂತಕ್ಕೆ ಮರೀಬೇಕು?" ದೊಡ್ಡಾಯಿಗೆ ಸಿಟ್ಟು ಬಂತು. "ಫರೀದಾನ ಮಗಳು ಹೆರಿಗೆಗೆ ಬಂದಿದ್ದಾಳೆ. ನಾನು ಫೋನ್ ಮಾಡದಿದ್ರೆ ಅವಳೆಂತ ತಿಳ್ಕಂಬೂದು?"

ಕರ್ನೆಲ್ಲಿನಲ್ಲಿ ಇದಕ್ಕೆ ಪರಿಹಾರವಿಲ್ಲ. ಅಲ್ಲಿ ತಪ್ಪು ವಿಳಾಸಕ್ಕೆ ಹೋದವನು ಯಂತ್ರವನ್ನೇ ಕೆಡವುತ್ತಾನೆ. ಇವಳು ಹೋಗಿ ಚಾ ಕುಡಿದು ನೆಂಟಸ್ತನ ಮಾಡಿಕೊಂಡು ಬಂದಿದ್ದಾಳೆ.

ಹೊರಡುವಾಗ ದೊಡ್ಡಾಯಿ ಜಗಲಿಯ ಮೂಲೆಯ ಹಳೆಯ ಮರದ ಪೆಟ್ಟಿಗೆಯನ್ನು ತೋರಿಸಿ, "ಇದನ್ನ ಯಾರಿಗಾರೂ ಕೊಟ್ಬಿಡೋ ಮಾರಾಯಾ" ಎಂದಳು. ನಾನು ಉತ್ಸಾಹದಿಂದ ಅದರ ಹಿಡಿಗೆ ಕೈ ಹಾಕಿದೆ.

"ಅವನ ಹತ್ರ ಮಾತ್ರ ಹೇಳ್ಬೇಡ ಅಕ್ಕ" ಎಂದಳು ಆಯಿ. "ಒಳಗೆ ಎಂತ ಉಂಟು, ಯಾರದ್ದು ಉಂಟು ಅಂತ ಕೇಳೂದೇ ಇಲ್ಲ ಅವ. ಕೊಟ್ಟು ಬಂದು, ಆತು ಅಂತಾನೆ."

ಕೈ ತೆಗೆದೆ. ಕಂಪನಿಯಲ್ಲಿ ನಾನೇ ಹಿರಿಯನಾದ್ದರಿಂದ ನನ್ನ ಕೆಲಸದಲ್ಲಿ ತಪ್ಪು ಹುಡುಕುವವರು ಯಾರೂ ಇಲ್ಲ ಎಂದು ಇಷ್ಟು ದಿನ ಬೀಗುತ್ತಿದ್ದೆ.