ಬಾವಿಯ ಬೀಗ ಒಡೆದ ಕಂಬಳಿ ವ್ಯಾಪಾರಿ

ನನ್ನ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ಒಣ ಕಂಬಳಿಯನ್ನೂ ಮಾರಲಿಲ್ಲವೆಂದು ಮೊಳಕಾಲ್ಮೂರಿನ ವರ್ತಕರು ಆಡಿಕೊಳ್ಳುತ್ತಾರೆ. ತೀರಿಕೊಂಡವರ ಮೇಲೆ ಇಂಥ ಅಪವಾದ ಹೊರಿಸಬಹುದೇ ಎಂದು ನೀವು ಕೇಳಬಹುದು. ಧಾರಾಳವಾಗಿ ಹೊರಿಸಬಹುದು, ಏಕೆಂದರೆ ಅದು ನಿಜ! ಮದರಾಸಿನಲ್ಲಿ ಬಿ.ಎ. ಓದಿ, ಕಂಡಕಂಡವರಿಂದ ಸಮಜಾಯಿಷಿ ಕೇಳುವ ಚಟ ಹತ್ತಿಸಿಕೊಂಡು ಬಂದ ನಾನು ನನ್ನ ಬಂಧುಗಳಿಗೆ ಮಾತ್ರ ವಿನಾಯಿತಿ ಕೊಡುವುದು ನ್ಯಾಯವಲ್ಲ.

ಕಂಬಳಿಯ ವ್ಯಾಪಾರ ಮಾವನಿಗೆ ಅವರ ತಂದೆಯಿಂದ ಬಂದದ್ದು. ಸರಕು ಚಳ್ಳಕೆರೆಯಿಂದ ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ಅಲ್ಲಿಯ ನೇಯ್ಗೆಯವರು ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಾರೆ; ಚೆನ್ನಾಗಿ ಗಂಜಿ ಕುಡಿದ ಕಂಬಳಿಯಿಂದ ನೀರು ಸೋರುವುದಿಲ್ಲ. ಉಳಿದ ವರ್ತಕರು ಇದನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಮಾವ ಮಾತಿನ ಮೇಲೆ ನಂಬಿಕೆಯಿಲ್ಲದವರು. ಗಿರಾಕಿಯ ಕೈಗೆ ಕಂಬಳಿಯ ಎರಡು ಮೂಲೆ ಕೊಟ್ಟು, ಉಳಿದೆರಡನ್ನು ಮೊಳೆಗೆ ಸಿಕ್ಕಿಸಿ, ನಡುವೆ ಚೆಂಬು ನೀರು ಸುರಿಯುತ್ತಿದ್ದರು. ಕೆಳಗೆ ಹನಿ ಬಿದ್ದರೆ, ಗಿರಾಕಿ ಕಾಲಿಗೆ ಬಿದ್ದರೂ ಆ ಕಂಬಳಿಯನ್ನು ಮಾರುತ್ತಿರಲಿಲ್ಲ. ಬೀಳದಿದ್ದರೆ ಅದನ್ನೇ ಮಡಿಚಿ ಕೊಡುತ್ತಿದ್ದರು, ಒದ್ದೆಯಾಗಿ!

ಒಮ್ಮೆ ಉಳ್ಳಾರ್ತಿ ಕಾವಲಿನ ಕಡೆಯ ಕುರಿಗಾರನೊಬ್ಬ ತಕರಾರು ತೆಗೆದ.

"ಯಜಮಾನ್ರೇ, ನಂಗೆ ಬೇಕಾಗಿರಾದು ಹೊದ್ಕಳಾಕೆ ಕಂಬ್ಳಿ. ನೀರು ಹೊರಾಕಲ್ಲ."

"ಮಳೆ ಬಂದಾಗ ಏನ್ ಮಾಡ್ತೀಯಲೇ?"

"ನಮ್ ಸೀಮೇಲಿ ಮಳೆ ಎಲ್ಲೈತ್ರೀ?"

ಮಾವ ಒಮ್ಮೆ ತಲೆ ಎತ್ತಿ ಆಕಾಶ ನೋಡಿದರು. ಆದರೂ ನೀರು ಸುರಿದೇ ಕೊಟ್ಟರು.

ಇದು ಅವರ ವ್ಯಾಪಾರವಾಯಿತು. ಇನ್ನು ಲೋಕೋಪಕಾರ. ಅಂಗಡಿಯ ಹಿಂದೆಯೇ ಮಗ್ಗದವರ ಬೀದಿ. ತೆಲುಗು ಮಾತಿನ ರೇಷ್ಮೆ ನೇಕಾರರು, ಹುಲ್ಲಿನ ಸೂರು, ಒಂದೇ ಕೋಣೆಯಲ್ಲಿ ಮಗ್ಗ ಮತ್ತು ಒಲೆ. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಸಾಕು. ಕೂಗು ಕೇಳಿದೊಡನೆ ಮಾವ ಅಂಗಡಿಯನ್ನು ದೇವರಿಗೆ ಬಿಟ್ಟು, ಮಾರಾಟದ ಕಂಬಳಿಗಳನ್ನೇ ತಬ್ಬಿಕೊಂಡು ಓಡುತ್ತಿದ್ದರು. ಬಾವಿಯಲ್ಲಿ ತೋಯಿಸಿ, ಸೂರಿನ ಮೇಲೆ ಹರಡಿ ಬೆಂಕಿಯ ಉಸಿರು ಕಟ್ಟಿಸುತ್ತಿದ್ದರು. ಈ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿರಲಿಲ್ಲ. ಆದ್ದರಿಂದಲೇ ಯಾರೂ ವಜಾ ಮಾಡುವಂತಿರಲಿಲ್ಲ.

ಸಿದ್ದಾಪುರದ ಮದುವೆಯೊಂದರಲ್ಲಿ ಮಾವ ಚಪ್ಪರದ ಹಿಂದೆ ಹೊಗೆ ಕಂಡವರೇ ನುಗ್ಗಿ, ಹೆಗಲ ಮೇಲಿನ ಕಂಬಳಿಯನ್ನು ನೆನೆಸಿ ಎಸೆದರು. ಹೆಣ್ಣಿನ ತಂದೆ ಕೈಮುಗಿದ:

"ಯಜಮಾನ್ರೇ, ಅದು ಅಡುಗೆ ಒಲೆ ಕಣ್ರೀ."

"ಒಲೇದು ಅಂತ ಹೊಗೆ ಬಾಯಿ ಬಿಟ್ಟು ಹೇಳ್ತೈತೇನಪ್ಪಾ?"

ಆ ದಿನ ಬೀಗರು ಅರೆಬೆಂದ ಬೇಳೆ ಉಂಡು ಎದ್ದರು. ಮನೆಗೆ ಬಂದಮೇಲೆ ಅತ್ತೆಯ ವಿಚಾರಣೆ ನಡೆಯಿತು.

"ಕಂಬ್ಳಿ ಇಟ್ಟಿರಾದು ಮಾರಾಕೋ, ಊರ ಬೆಂಕಿಗೆ ಹೊದಿಸಾಕೋ?"

"ಎರಡಕ್ಕೂ ಕಣೇ. ಬೆಂಕಿ ಆದ್ರೆ ಚೌಕಾಶಿ ಮಾಡಾಕಿಲ್ಲ."

ಹೀಗಿರುವಾಗ ನಮ್ಮ ಊರ ಕಮಿಟಿಯವರಿಗೆ ಆರೋಗ್ಯದ ಚಿಂತೆ ಹತ್ತಿತು. ನೀರು ಕೊಳೆಯಾಗುತ್ತದೆಂದು ಮಗ್ಗದ ಬೀದಿಯ ಬಾವಿಗೆ ಹಲಗೆಯ ಮುಚ್ಚಳ ಮಾಡಿಸಿ ಬೀಗ ಜಡಿದರು. ಬೆಳಗ್ಗೆ ಕೊಂಚ ಹೊತ್ತು ತೆರೆಯುವುದು, ಉಳಿದ ಹೊತ್ತು ಮುಚ್ಚುವುದು. ಬೀಗದ ಕೈ ಅಧ್ಯಕ್ಷರ ಸೊಂಟದಲ್ಲಿ. ಅಧ್ಯಕ್ಷರು ಪದೇಪದೇ ಚಳ್ಳಕೆರೆಯಲ್ಲಿ, ಹೆಂಡತಿಯ ತವರಿನಲ್ಲಿ. ನೀರನ್ನು ಶುದ್ಧವಾಗಿಡಲು ಬಾಯಾರಿದವರನ್ನು ದೂರವಿಡಬೇಕೆಂಬ ಈ ಶಾಸ್ತ್ರವನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ.

ನಾನು ರಜೆಗೆ ಬಂದಿದ್ದಾಗ, ಒಂದು ಮಧ್ಯಾಹ್ನ, ವಿಧವೆಯಾದ ನೇಕಾರ ಹೆಂಗಸೊಬ್ಬಳ ಸೂರಿಗೆ ಬೆಂಕಿ ತಗುಲಿತು. "ನಾ ಮಗ್ಗಂ, ನಾ ಮಗ್ಗಂ" ಎಂದು ಆಕೆ ಎದೆ ಬಡಿದುಕೊಳ್ಳುತ್ತಿದ್ದಳು. ಮಗ್ಗದ ಮೇಲೆ ಯಾರದೋ ಧಾರೆಯ ಸೀರೆ ಅರ್ಧಕ್ಕೆ ನಿಂತಿತ್ತು. ಮಾವ ಕಂಬಳಿಗಳೊಡನೆ ಓಡಿ ಬಂದರು; ಬೀಗವನ್ನು ನೋಡಿದರು; ಪಕ್ಕದ ಮನೆಯ ಒರಳಿನ ಗುಂಡನ್ನು ಎತ್ತಿ ಬೀಗದ ಮೇಲೆ ಹಾಕಿದರು. ಸೂರು ಅರ್ಧ ಹೋಯಿತು, ಮಗ್ಗ ಉಳಿಯಿತು. ಸುಟ್ಟ ಉಣ್ಣೆಯ ನಾತಕ್ಕೆ ಬೀದಿಯ ನಾಯಿಗಳೆಲ್ಲ ಕೋಟೆಯ ಕಡೆಗೆ ವಲಸೆ ಹೋದವು. ಸುದ್ದಿ ತಿಳಿದು ಚಳ್ಳಕೆರೆಯಿಂದ ಬಂದ ಅಧ್ಯಕ್ಷರು ಸುಟ್ಟ ಸೂರಿನ ಕಡೆ ತಲೆ ಎತ್ತಲಿಲ್ಲ. ಒಡೆದ ಬೀಗವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಶವಪರೀಕ್ಷೆಗೆ ಒಯ್ಯುವವರಂತೆ, ನೆಟ್ಟಗೆ ಅಮಲ್ದಾರರ ಕಚೇರಿಗೆ ನಡೆದರು.

ಮಾವನ ಮೇಲೆ ಫಿರ್ಯಾದಾಯಿತು. ಕ್ಷಮೆ ಕೇಳಿ, ಇನ್ನೆಂದೂ ಬಾವಿಯ ತಂಟೆಗೆ ಹೋಗುವುದಿಲ್ಲವೆಂದು ಒಪ್ಪಿಕೊಂಡರೆ ಬಿಡುಗಡೆ, ಇಲ್ಲವಾದರೆ ಸೆರೆಮನೆ. ಅತ್ತೆ ಕಂಗಾಲಾದರು.

"ನೀವು ಜೈಲಿಗೆ ಹೋದ್ರೆ ಅಂಗಡಿ ಯಾರು ನೋಡ್ತಾರ್ರೀ?"

"ಈಗ್ಲಾದ್ರೂ ಯಾರು ನೋಡ್ತಾವ್ರೆ?"

ನಾನು ಪ್ರಜೆಗಳ ಹಕ್ಕಿನ ಬಗ್ಗೆ ಒಂದು ಭಾಷಣವನ್ನು ಬರೆದು ಓದಿ ತೋರಿಸಿದೆ. ಮಾವ ಕೊನೆಯವರೆಗೂ ಕೇಳಿ, "ಚೆನ್ನಾಗೈತೆ ಅಳಿಯಾ. ಇದನ್ನ ಓದಿದ್ರೆ ಜೈಲಲ್ಲ, ಗಲ್ಲಿಗೇ ಹಾಕ್ತಾರೆ" ಎಂದರು.

ವಿಚಾರಣೆಯ ದಿನ ಮಗ್ಗದ ಬೀದಿಯೆಲ್ಲ ಕಚೇರಿಯ ಮುಂದೆ ನೆರೆದಿತ್ತು. ಅಮಲ್ದಾರರು ಕೇಳಿದರು: "ಬೀಗ ಒಡೆದದ್ದು ನೀವೇ ಏನು?"

"ನಾನೇ ಸ್ವಾಮಿ. ಬೀಗದ ಕೈ ಚಳ್ಳಕೆರ್ಯಾಗಿತ್ತು, ಬೆಂಕಿ ಇಲ್ಲಿತ್ತು. ಕೈ ಬರಾಗಂಟ ತಡಿ ಅಂದೆ. ಬೆಂಕಿ ಕೇಳ್ಲಿಲ್ಲ."

"ಕ್ಷಮೆ ಕೇಳುತ್ತೀರೋ ಇಲ್ಲವೋ?"

"ಕೇಳ್ತೀನಿ ಸ್ವಾಮಿ, ಆ ಬೀಗದ ಹತ್ರ. ಪಾಪ, ಅದರದೇನೂ ತಪ್ಪಿರ್ಲಿಲ್ಲ."

ಅಮಲ್ದಾರರು ಮೇಜಿನ ಮೇಲಿನ ಕಾಗದಗಳತ್ತ ಮುಖ ಬಗ್ಗಿಸಿದರು. ಬಹಳ ಹೊತ್ತು ಎತ್ತಲಿಲ್ಲ. ಅವರ ಹೆಗಲು ಮಾತ್ರ ಕುಲುಕುತ್ತಿತ್ತು. ಕಡೆಗೆ, ಮಾವನೇ ಹೊಸ ಬೀಗ ತಂದು ಹಾಕತಕ್ಕದ್ದು, ಅದರ ಕೈಯನ್ನು ಮಾವನೇ ಇಟ್ಟುಕೊಳ್ಳತಕ್ಕದ್ದು ಎಂದು ತೀರ್ಪಾಯಿತು. ಮಾವ ಚಳ್ಳಕೆರೆಯಿಂದಲೇ ದೊಡ್ಡ ಬೀಗ ತಂದು ಚಿಲಕಕ್ಕೆ ಸಿಕ್ಕಿಸಿದರು. ಒತ್ತಲಿಲ್ಲ, ಅಷ್ಟೆ. ಅವರು ಬದುಕಿದ್ದಷ್ಟು ಕಾಲ ಅದು ಬಾಯಿ ತೆರೆದುಕೊಂಡೇ ನೇತಾಡಿತು.

ಈ ಬೇಸಿಗೆಯಲ್ಲಿ ಮಾವ ಜ್ವರದಿಂದ ತೀರಿಕೊಂಡರು. ಕಮಿಟಿಯವರು ಬಾವಿಯನ್ನು ಮತ್ತೆ ಮುಚ್ಚುವ ಮಾತಾಡುತ್ತಿದ್ದಾರೆಂದು ಕೇಳಿದ್ದೇನೆ. ಮಹನೀಯರೇ, ಮುಂದಿನ ಸಲ ಸೂರು ಹೊತ್ತಿದಾಗ ನಿಮ್ಮಲ್ಲಿ ಯಾರು ಓಡಿ ಬರುವಿರಿ? ಯಾವ ಸರಕನ್ನು ತಬ್ಬಿಕೊಂಡು ಬರುವಿರಿ? ಊರಿಗೆ ಊರೇ ಉತ್ತರಕ್ಕೆ ಕಾದಿದೆ. ನನ್ನ ಮಾವನಂತೆ ನಗೆಮಾತಿನಲ್ಲಿ ಬಿಟ್ಟುಬಿಡುವವನಲ್ಲ ನಾನು.

ಮಾವನನ್ನು ಕೊನೆಯ ಸ್ನಾನಕ್ಕೆ ಜಗಲಿಯ ಮೇಲೆ ಕೂರಿಸಿದಾಗ ಅತ್ತೆ ಒಂದು ಕೊಡ ನೀರು ತರಹೇಳಿದ್ದರು. ತಂದವಳು ಆ ವಿಧವೆ, ಅದೇ ಬಾವಿಯಿಂದ. ಅವಳ ಹಿಂದೆ ಇನ್ನೊಬ್ಬಳು ಕೊಡ ಹೊತ್ತು ನಿಂತಿದ್ದಳು. ಅವಳ ಹಿಂದೆ ಮತ್ತೊಬ್ಬಳು. ಬೀದಿಯ ತಿರುವಿನಾಚೆಗೂ ಸಾಲು. "ಸಾಕು ಬಿಡ್ರವ್ವಾ, ಹೊತ್ತಾಗ್ತೈತೆ" ಎಂದರು ಹಿರಿಯರು. "ನಂದೂ ಒಂದಿರ್ಲಿ" ಎನ್ನುತ್ತ ಒಬ್ಬೊಬ್ಬಳೂ ಸುರಿದು, ಬರಿಯ ಕೊಡ ಹಿಡಿದು ಪಕ್ಕಕ್ಕೆ ಸರಿದಳು. ನೀರು ಜಗಲಿ ಇಳಿದು ಬೀದಿಗುಂಟ ಹರಿಯಿತು. ಅತ್ತೆ ತಡೆಯಲಿಲ್ಲ. ಸೆರಗಿನ ತುದಿಯಿಂದ ಅವರ ಕಿವಿಯ ಹಿಂದೆ ಮೆತ್ತಗೆ ಒರೆಸುತ್ತ, ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು:

"ಚಳಿ ಆಗ್ತೈತೇನಪ್ಪಾ ಇವ್ರಿಗೆ?"