ಅಜ್ಜಾರ ವೇದಿಕೆ ಮಗ್ಗಲ ಸ್ಟಾಲು

ಸ್ಟಾಲು ಆರಿಸುವ ದಿನ ಸಿದ್ಧಾರೂಢ ತನ್ನ ಮಾವ ನಿಜಗುಣಪ್ಪನನ್ನು ಜೊತೆಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು.

ದೊಡವಾಡದ ತನ್ನ ಶೆಡ್ಡಿನಲ್ಲಿ ಮೇವು ಕತ್ತರಿಸುವ ಯಂತ್ರ ತಯಾರಿಸುತ್ತಿದ್ದ ಸಿದ್ಧಾರೂಢನಿಗೆ ಬೈಲಹೊಂಗಲದ ಕೃಷಿ ಪ್ರದರ್ಶನದಿಂದ ಬೇಕಾದದ್ದು ಒಂದೇ. ಹುಬ್ಬಳ್ಳಿಯಿಂದ ಬರುವ ಡೀಲರು ಯಂತ್ರ ನೋಡಿ ಆರ್ಡರು ಕೊಡಬೇಕು. ಎಸ್‌ಟಿಡಿ ಬೂತಿನಿಂದ ಮಾತಾಡಿದ್ದನೇ ಹೊರತು ಅವರ ಮುಖ ನೋಡಿದವನಲ್ಲ. ಆರ್ಡರು ತಪ್ಪಿದರೆ ಶೆಡ್ಡಿಗೆ ಬೀಗ ಹಾಕಿ ಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವುದೇ ಗತಿ.

ಅವನ ಕಣ್ಣು ಹಿಂದಿನ ಮೂಲೆಯ ಸ್ಟಾಲಿನ ಮೇಲಿತ್ತು. ಮಾವ ಬಿಡಬೇಕಲ್ಲ?

"ಹುಚ್ಚ ಅದೀ ಏನು? ಉದ್ಘಾಟನಾಕ್ಕ ಮಠದ ಅಜ್ಜಾರು ಬರತಾರ. ಅವರ ವೇದಿಕಿ ಮಗ್ಗಲದ್ದ ತಗೊ. ದರ್ಶನಕ್ಕ ಬಂದ ಮಂದಿ ಎಲ್ಲಾ ನಿನ್ನ ಮುಂದ ಹಾಯಬೇಕು!"

ಮೂಲೆಯ ಸ್ಟಾಲು ಅದೇ ಯಂತ್ರ ಮಾಡುವ ಸಂಗೊಳ್ಳಿಯ ಮಡಿವಾಳೆಪ್ಪನ ಪಾಲಾಯಿತು.

ಉದ್ಘಾಟನೆಯ ದಿನ ಮಾವನ ಮಾತು ಅಕ್ಷರಶಃ ನಿಜವಾಯಿತು. ಮಂದಿ ಸಿದ್ಧಾರೂಢನ ಮುಂದೆಯೇ ಬಂದರು, ಅಲ್ಲೇ ಚಪ್ಪಲಿ ಬಿಟ್ಟರು, ವೇದಿಕೆ ಹತ್ತಿದರು. ಇಳಿಯುವ ಮೆಟ್ಟಿಲು ಹಿಂದಿನ ಮೂಲೆಯ ಕಡೆಗಿತ್ತು. ಅಲ್ಲಿ ಮಡಿವಾಳೆಪ್ಪನ ಯಂತ್ರ ನೋಡಿಕೊಂಡು ಬರಿಗಾಲಲ್ಲಿ ಸುತ್ತು ಹಾಕಿ ಬರುತ್ತಿದ್ದರು.

ಚಪ್ಪಲಿಗಳು ಗುಡ್ಡವಾದವು. ಸಿದ್ಧಾರೂಢ ಸಿಟ್ಟಿನಿಂದ ಒಂದೆರಡನ್ನು ಕಾಲಿನಿಂದ ಸರಿಸಿದ.

"ಏ ತಮ್ಮಾ! ಅಜ್ಜಾರ ಭಕ್ತರ ಚಪ್ಲಿ ಒದೀತೀ?" ಎಂದು ಕರೆವ್ವ ಎಂಬ ಮುದುಕಿ ಕೂಗಿದ್ದೇ ತಡ, ಹತ್ತು ಮಂದಿ ತಿರುಗಿ ನೋಡಿದರು. ಮಾವ ಕಿವಿಯಲ್ಲಿ ಹೇಳಿದ, "ಮರ್ಯಾದಿ ಹೋಗತೈತಿ. ಕೈಲೆ ಜೋಡಿಸಿ ಇಡು."

ಜೋಡಿಸಿ ಇಟ್ಟದ್ದು ಇನ್ನೂ ದೊಡ್ಡ ತಪ್ಪು. ಅಚ್ಚುಕಟ್ಟು ಕಂಡ ಮಂದಿ ಈಗ ಚಪ್ಪಲಿಯನ್ನು ನೇರ ಅವನ ಕೈಗೇ ಕೊಡತೊಡಗಿದರು. ಮೇಜು ತುಂಬಿತು. ಚಪ್ಪಲಿಗಳು ಯಂತ್ರದ ಮೇಲೂ ಏರಿದವು. ಯಾರೋ ಹೆಸರಿನ ಬೋರ್ಡಿಗೆ ಕೊಡೆ, ಕೈಚೀಲ ತೂಗುಹಾಕಿ ಹೆಸರೇ ಕಾಣದಂತೆ ಮಾಡಿದರು.

"ಯಂತ್ರ ನೋಡ್ರಿ ಯಜಮಾನ್ರ..."

"ಮೊದಲ ಇವನ್ನ ಹಿಡೀರಿ!" ಎಂದು ಸಫಾರಿ ತೊಟ್ಟ ದಪ್ಪ ಆಸಾಮಿಯೊಬ್ಬರು ಹೊಳೆಯುವ ಬೂಟುಗಳನ್ನು ಮಂದಿಯ ತಲೆಗಳ ಮೇಲಿಂದ ಚಾಚಿದರು. "ಹೊಸಾವು ಅದಾವು. ಜ್ವಾಕಿ."

ಸಿದ್ಧಾರೂಢನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಧ್ಯಾಹ್ನದವರೆಗೆ ಒಬ್ಬರೂ ಯಂತ್ರದ ಬೆಲೆ ಕೇಳಲಿಲ್ಲ. ಡೀಲರು ಬರುತ್ತಾರೆಂದು ಕತ್ತು ಉದ್ದ ಮಾಡಿ ಕಾಯುತ್ತ, ಜೋಡಿ ತಪ್ಪದಂತೆ ಚಪ್ಪಲಿ ಕೊಡುತ್ತಲೇ ಇದ್ದ.

ಬಿಸಿಲಿಳಿದಾಗ ಸಫಾರಿಯವರು ಬಂದರು. ಬೂಟು ಹಾಕಿಕೊಳ್ಳುತ್ತ ಸಮಾಧಾನದಿಂದ ಹೇಳಿದರು:

"ಹುಬ್ಬಳ್ಳಿಂದ ಬಂದಿದ್ನಿರಿ. ದೊಡವಾಡದ ಸಿದ್ಧಾರೂಢ ಅನ್ನಾಂವ ವೇದಿಕಿ ಹಂತೇಕನ ಇರತೇನಿ ಅಂದಿದ್ದ. ಎಷ್ಟು ಹುಡಕಿದರೂ ಸಿಗಲಿಲ್ಲ. ಕಡೀಕ ಆ ಮೂಲ್ಯಾಗಿನ ಮಡಿವಾಳೆಪ್ಪಗ ಆರ್ಡರ್ ಕೊಟ್ಟೆ."

"ನಾನಽ ರೀ ಸಿದ್ಧಾರೂಢ!"

ಡೀಲರು ಅವನನ್ನೂ, ಅವನ ಕೈಯಲ್ಲಿದ್ದ ಯಾರದೋ ಹವಾಯಿ ಚಪ್ಪಲಿಯನ್ನೂ ನೋಡಿದರು. "ಛೇ, ಮೊದಲಽ ಹೇಳಬಾರದೇನ್ರಿ? ಅಡ್ವಾನ್ಸ್ ಕೊಟ್ಟ ಬಿಟ್ಟೇನಲ್ಲ" ಎಂದು ಜೀಪು ಹತ್ತಿದರು.

ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಮೊಳಗಿತು. ಮಾವ ಎದೆಯುಬ್ಬಿಸಿ ಅವನನ್ನು ವೇದಿಕೆಗೆ ತಳ್ಳಿದ. ಅಜ್ಜಾರು ಶಾಲು ಹೊದಿಸಿ ತಲೆ ಮೇಲೆ ಕೈಯಿಟ್ಟರು.

"ಒಂದು ಜೋಡೂ ಕಳೀಲಿಲ್ಲಂತ. ದೊಡ್ಡ ಸೇವಾ ಮಾಡಿದೆಪಾ. ಇನ್ನ ಪ್ರತಿ ವರ್ಷಾ ಈ ಜಾಗಾ, ಈ ಸೇವಾ ನಿಂದಽ ಇರಲಿ."

ಅಜ್ಜಾರ ಮಾತಿಗೆ ಒಲ್ಲೆ ಎನ್ನುವುದುಂಟೆ? ಸಿದ್ಧಾರೂಢ ಕೈಮುಗಿದ. ಮೊದಲ ಚಪ್ಪಾಳೆ ಮಾವನದೇ.